ಕತ್ತಲಾದ ಪರದೆ

ಡ್ರೈವರ್ ಎಂದೊಡನೆ ನಮ್ಮೂರ ಕೊನೆಯ ಬಸ್ಸಿನ ಡ್ರೈವರೇ ಕಣ್ಣಮುಂದೆ ಬರುತ್ತಿದ್ದ ಕಾಲವೊಂದಿತ್ತು. ಕಂಪ್ಯೂಟರಿಗೂ ಡ್ರೈವರುಗಳುಂಟು, ಅವರಲ್ಲೊಬ್ಬ ಮುನಿಸಿಕೊಂಡರೆ ಯಂತ್ರ ಕಣ್ಣನ್ನೇ ಮುಚ್ಚಿಬಿಡುತ್ತದೆ ಎಂಬ ಜ್ಞಾನೋದಯ ನನಗಾದದ್ದು ಕಳೆದ ಸೆಮಿಸ್ಟರಿನಲ್ಲಿ.

ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪಯ್ಯ ಪೇಟೆಯ ಅಂಗಡಿಯೊಂದರಿಂದ ನನಗೊಂದು ಹಳೆಯ ಕಂಪ್ಯೂಟರ್ ಕೊಡಿಸಿದ್ದರು. ಅದರಲ್ಲಿದ್ದುದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ಲಿನಸ್ ಟೋರ್ವಾಲ್ಡ್ಸ್ ಎಂಬಾತ, ನಮ್ಮಂತೆಯೇ ವಿದ್ಯಾರ್ಥಿಯಾಗಿದ್ದಾಗ, ಆರಂಭಿಸಿದ ವ್ಯವಸ್ಥೆಯದು. ಯಂತ್ರದ ಗ್ರಾಫಿಕ್ಸ್ ಕಾರ್ಡನ್ನು ನಡೆಸಲು, 2010ರಿಂದ ಲಿನಕ್ಸಿನ ಕರ್ನಲಿನೊಳಗೇ ಸೇರಿರುವ 'ನೂವೋ' ಎಂಬ ಡ್ರೈವರಿತ್ತು. ಅಕ್ಷರವೂ ಚಿತ್ರವೂ ಕಾಣುತ್ತಿದ್ದವು. ಅಷ್ಟಕ್ಕೇ ತೃಪ್ತನಾಗಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ!

ಕಾರ್ಡು ತಯಾರಿಸಿದ ಕಂಪೆನಿಯದೇ ಡ್ರೈವರ್ ಹಾಕಿದರೆ ಚಿತ್ರಗಳು ಇನ್ನೂ ಚುರುಕಾಗಿ ಓಡುತ್ತವೆಂದು ಗೆಳೆಯನೊಬ್ಬ ಹೇಳಿದ. ಹಾಕಿದೆ. ನಡುವೆ ಅದೊಂದು ಪಾಸ್‌ವರ್ಡ್ ಕೇಳಿತು. ಏಕೆಂದು ಓದದೆಯೇ ಕೊಟ್ಟೆ. ಯಂತ್ರವನ್ನು ಆರಿಸಿ ಹಚ್ಚಿದಾಗ ನೀಲಿ ಪರದೆಯೊಂದು ಮೂಡಿ ಏನನ್ನೋ ವಿಚಾರಿಸಿತು. ಹೆದರಿ, ಮೊದಲ ಸಾಲಿನಲ್ಲಿದ್ದ 'ಮುಂದುವರಿಸು' ಎಂಬುದನ್ನು ಒತ್ತಿದೆ. ಪರದೆ ಕಪ್ಪಾಯಿತು.

ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರಗಳ ಪರದೆ ಬರುತ್ತದೆ. ಅಲ್ಲಿ ಕುಳಿತು ಎರಡು ರಾತ್ರಿ, ಫೋನಿನಲ್ಲಿ ಸಿಕ್ಕಿದ ಆಜ್ಞೆಗಳನ್ನೆಲ್ಲ ಅರ್ಥ ತಿಳಿಯದ ಮಂತ್ರಗಳಂತೆ ಟೈಪು ಮಾಡಿದೆ. ಬೂಟಿನ ಸಾಲಿಗೆ 'ನೋಮೋಡ್‌ಸೆಟ್' ಸೇರಿಸಿದೆ, ತೆಗೆದೆ. ಫಲ ಸೊನ್ನೆ. ಕೊನೆಗೆ ಊರಿಗೆ ಫೋನು ಮಾಡಿ, "ಅಂಗಡಿಯವರು ಮೋಸ ಮಾಡಿದ್ರು ಅಪ್ಪಯ್ಯ, ಕಾರ್ಡೇ ಸುಟ್ಟಿದೆ" ಎಂದುಬಿಟ್ಟೆ. ಅತ್ತ ಸ್ವಲ್ಪ ಹೊತ್ತು ಮೌನ. "ಸೋಮವಾರ ಮೊದಲನೇ ಬಸ್ಸಿಗೆ ಬರ್ತೀನಿ. ನಾನೇ ಅವರನ್ನ ಕೇಳ್ತೀನಿ" ಎಂದರು.

ಭಾನುವಾರ ರಾತ್ರಿ ನಿದ್ದೆ ಹತ್ತಲಿಲ್ಲ. ಕಾರ್ಡು ಸುಟ್ಟಿದೆಯೆಂದು ನನಗೆ ಹೇಳಿದವರಾದರೂ ಯಾರು? ಎದ್ದು, ಡ್ರೈವರನ್ನು ಒಳಗೆ ಕರೆಯುವ 'ಮೋಡ್‌ಪ್ರೋಬ್' ಆಜ್ಞೆಯನ್ನು ಕೊಟ್ಟು, ಬಂದ ಉತ್ತರವನ್ನು ಈ ಬಾರಿ ಕೊನೆಯವರೆಗೆ ಓದಿದೆ. ಕೀಲಿ ತಿರಸ್ಕೃತವಾಗಿದೆ ಎಂದಿತ್ತು. ಅಷ್ಟೆ, ಒಂದೇ ಸಾಲು!

ಅಂಕಪಟ್ಟಿಯ ನಕಲಿಗೆ ಹಿಂದೆಲ್ಲ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸುತ್ತಿರಲಿಲ್ಲವೆ? 'ಸೆಕ್ಯೂರ್ ಬೂಟ್' ಎಂಬ ಕಾವಲುಗಾರನದೂ ಅದೇ ನಿಯಮ. ಡ್ರೈವರಿನ ಮೇಲೆ ಸಹಿಯೇನೋ ಇತ್ತು. ಅದು ನಂಬತಕ್ಕ ಸಹಿಯೆಂದು ಯಂತ್ರದ ಮಾಲಿಕನಾದ ನಾನು ಒಪ್ಪಿಗೆ ಕೊಡಬೇಕಿತ್ತು. ನೀಲಿ ಪರದೆ ಕೇಳಿದ್ದು ಅದನ್ನೇ. ನೂವೋಗೆ ಆಗಲೇ ರಜೆ ಕೊಟ್ಟಾಗಿತ್ತು. ಹೊಸಬನಿಗೆ ಪ್ರವೇಶ ಸಿಕ್ಕಿರಲಿಲ್ಲ. ಬಸ್ಸು ನಿಂತಿದ್ದು ಹೀಗೆ.

'ಮೋಕ್‌ಯುಟಿಲ್' ಆಜ್ಞೆಯಿಂದ ಕೀಲಿಯನ್ನು ಮತ್ತೆ ಸಲ್ಲಿಸಿದೆ. ನೀಲಿ ಪರದೆ ಬಂದಾಗ ಓಡದೆ ನಿಂತು, 'ಎನ್‌ರೋಲ್ ಮೋಕ್' ಎಂಬುದನ್ನು ಆರಿಸಿ, ಪಾಸ್‌ವರ್ಡ್ ಕೊಟ್ಟೆ. ಪರದೆ ಬೆಳಗಿತು.

ಮೊದಲ ಬಸ್ಸಿಗೆ ಮುಂಚೆಯೇ ಫೋನು ಮಾಡಿದೆ. "ಅಂಗಡಿಯವರ ತಪ್ಪಿಲ್ಲ ಅಪ್ಪಯ್ಯ. ನಾನೇ ಸರಿಯಾಗಿ ಓದಲಿಲ್ಲ."

"ಓದಲಿ ಅಂತಲ್ವೇನೋ ಕಾಲೇಜಿಗೆ ಕಳಿಸಿದ್ದು?" ಎಂದರು.

ಈಗಲೂ ಕಾಲೇಜಿಗೆ ಬರುವಾಗ ಆ ಅಂಗಡಿಯ ಮುಂದೆಯೇ ಹಾದುಬರುತ್ತೇನೆ. "ಕಂಪ್ಯೂಟರ್ ಹೇಗಿದೆ?" ಎಂದು ಅವರು ನಗುತ್ತ ಕೇಳುತ್ತಾರೆ. ನಾನು ಅವರನ್ನು ಕಳ್ಳನೆಂದಿದ್ದು ಅವರಿಗೆ ಗೊತ್ತಿಲ್ಲ. "ಚೆನ್ನಾಗಿದೆ" ಎನ್ನುವಾಗ ಮುಖವೆತ್ತಿ ನೋಡುವುದು ಮಾತ್ರ ನನಗಿನ್ನೂ ಸಾಧ್ಯವಾಗಿಲ್ಲ.