ಮೂರು ಊರು, ಒಂದು ಮಾಳಿಗೆ

ನಾರಾಯಣಖೇಡದ ಸಮೀಪದ ಹಳ್ಳಿಯಲ್ಲಿ ನಮ್ಮ ಹಿರಿಯರು ಕಟ್ಟಿದ ಮನೆಯೊಂದಿದೆ. ಕಳೆದ ಮಳೆಗಾಲದಲ್ಲಿ ಅದರ ಮಾಳಿಗೆ ಎರಡು ಕಡೆ ಸೋರಿತು. ದುರಸ್ತಿ ಮಾಡಿಸುವುದೋ, ಮಾರಿ ಜಹೀರಾಬಾದಿನ ಬಳಿ ನಿವೇಶನ ಕೊಳ್ಳುವುದೋ ಎಂಬ ಚರ್ಚೆ ಅಣ್ಣತಮ್ಮಂದಿರಲ್ಲಿ ಬೆಳೆದು, ಕೊನೆಗೆ ಮಾತೇ ನಿಲ್ಲುವ ಹಂತಕ್ಕೆ ಬಂದಿತು. ಕಣ್ಣಾರೆ ಕಂಡು ನಿರ್ಧರಿಸೋಣವೆಂದು ಬೇಸಗೆಯಲ್ಲಿ ಪ್ರವಾಸ ಕೈಕೊಂಡೆವು.

ಈ ಸೀಮೆ ನಮ್ಮವರಿಗೆ ಹೊಸದಲ್ಲ. ಜಹೀರಾಬಾದು, ನಾರಾಯಣಖೇಡಗಳು ಹಿಂದೆ ಬೀದರ ಜಿಲ್ಲೆಯಲ್ಲಿಯೂ, ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿಯೂ ಇದ್ದವು. 1956ರ ನವೆಂಬರ್ 1ರಂದು ಇವು ಆಂಧ್ರಪ್ರದೇಶಕ್ಕೆ ಸೇರಿದವು; 2014ರಲ್ಲಿ ತೆಲಂಗಾಣಕ್ಕೆ ಬಂದವು. ಗಡಿಯ ಗೆರೆ ಸರಿದರೂ ನಂಟು ಕಡಿಯಲಿಲ್ಲ.

ಮೊದಲು ತಾಂಡೂರಿಗೆ ಇಳಿದೆವು. 1874ರಲ್ಲಿ ನಿಜಾಮರ ಕಾಲದಲ್ಲಿ ತೆರೆದ ವಾಡಿ–ಸಿಕಂದರಾಬಾದ ರೈಲುಮಾರ್ಗದ ಮೇಲಿನ ಊರಿದು. ನೀಲಿ, ಹಳದಿ ಫರಸಿಗಳ ರಾಶಿ ಎಲ್ಲೆಡೆ ಕಾಣುತ್ತದೆ. ಪದರು ಪದರಾಗಿ ಕೂತ ಸುಣ್ಣದಕಲ್ಲಾದುದರಿಂದ ಅದು ಹಲಗೆಯಂತೆ ಸೀಳುತ್ತದೆ. ಅದೇ ಕಲ್ಲನ್ನು ಸುಟ್ಟು ಅರೆದರೆ ಸಿಮೆಂಟು. ಹಳೆಯ ಮನೆಗಳಲ್ಲಿ ನೆಲಕ್ಕೂ ಫರಸಿ, ಮೇಲೆ ತೊಲೆಗಳ ಮೇಲೂ ಫರಸಿ. ಗಿಲಾಯಿ ಕೆಲಸದ ಹಿರಿಯ ಮೇಸ್ತ್ರಿಯೊಬ್ಬರು ಹೇಳಿದ ಮಾತು ಮನಸ್ಸಿನಲ್ಲಿ ನಿಂತಿತು: “ಕಲ್ಲು ಸೋರುವುದಿಲ್ಲರಿ, ಸಂದು ಸೋರುತ್ತದೆ.” ಸೌರಫಲಕ ಕೂಡಿಸಲು ಫರಸಿಗೆ ತೂತು ಹೊಡೆದರೆ ಕಲ್ಲು ಸೀಳುವ ಭಯವುಂಟು, ಆದ್ದರಿಂದ ಚೌಕಟ್ಟಿನ ಭಾರ ಗೋಡೆ ಅಥವಾ ತೊಲೆಯ ಮೇಲೆಯೇ ಬೀಳುವಂತೆ ನೋಡಿಕೊಳ್ಳಬೇಕು ಎಂದೂ ಅವರು ಎಚ್ಚರಿಸಿದರು.

ಅಲ್ಲಿಂದ ಜಹೀರಾಬಾದಿಗೆ ಬಂದರೆ ಮನೆಯ ಮಾತೇ ಬೇರೆ. ಇಲ್ಲಿ ಎಲ್ಲರ ಬಾಯಲ್ಲಿಯೂ ಗಜದ ಬೆಲೆ. ಹೆದ್ದಾರಿಯ ಎರಡೂ ಮಗ್ಗುಲಿಗೆ ಬಣ್ಣದ ಕಮಾನು, ಬಿಳಿಯ ಗಡಿಕಲ್ಲು, ನಡುವೆ ಕುರುಚಲು ಹುಲ್ಲು. ಕಾರಣವಿಲ್ಲದಿಲ್ಲ. ನ್ಯಾಲಕಲ್ಲು, ಝರಾಸಂಗಂ ಮಂಡಲಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಎಕರೆಯ ಕೈಗಾರಿಕಾ ವಲಯ ಬಹುಕಾಲದಿಂದ ಯೋಜನೆಯಲ್ಲಿದೆ; 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ಅದಕ್ಕೂ ಮುಂಚೆ, 2023ರ ಆಗಸ್ಟಿನಲ್ಲಿ, ಹೈದರಾಬಾದಿನ ಕೋಕಾಪೇಟೆಯ ಹರಾಜಿನಲ್ಲಿ ಎಕರೆಯೊಂದಕ್ಕೆ ನೂರು ಕೋಟಿ ಮೀರಿದ ಸುದ್ದಿ ಬಂದಿತ್ತು. ಅಲ್ಲಿ ಎದ್ದ ಅಲೆ ನೂರು ಕಿಲೋಮೀಟರು ದೂರದ ಹೊಲದ ಬದುವಿಗೂ ಬಂದು ಬಡಿಯಿತು.

ಆದರೆ ಬರಲಿರುವ ಕಾರ್ಖಾನೆಯ ಬೆಲೆಯನ್ನು ಇಂದೇ ಕೊಟ್ಟು ಕೊಳ್ಳುವವನು, ನಾಳೆ ತನಗಿಂತ ಹೆಚ್ಚು ಕೊಡುವವನೊಬ್ಬ ಬಂದೇ ಬರುವನೆಂದು ನಂಬಿರುತ್ತಾನೆ. ಆ ನಂಬಿಕೆ ಹರಿದ ದಿನ ಗುಳ್ಳೆ ಒಡೆಯುತ್ತದೆ. 2008ರಲ್ಲಿ ಅಮೆರಿಕದಲ್ಲಿ ಮನೆಬೆಲೆ ಕುಸಿದಾಗ ಜಗತ್ತೇ ಅದನ್ನು ಕಂಡಿತು. ನಮ್ಮ ಬಂಧುವೊಬ್ಬರು ಇಲ್ಲಿಯೇ ಸಾಲಮಾಡಿ ನಿವೇಶನ ಕೊಂಡರು. ಬಡ್ಡಿ ತಪ್ಪದೆ ಬರುತ್ತಿದೆ, ಕೊಳ್ಳುವವರು ಬರುತ್ತಿಲ್ಲ. ನಮಗೆ ಜಾಗ ತೋರಿಸಿದ ದಲಾಲಿಯನ್ನು ಬಡಾವಣೆಯ ರೇರಾ ನೋಂದಣಿ ಸಂಖ್ಯೆ ಕೇಳಿದೆವು. 2016ರ ಕಾಯ್ದೆಯ ಪ್ರಕಾರ 500 ಚದರ ಮೀಟರಿಗೂ ಎಂಟು ನಿವೇಶನಕ್ಕೂ ಮೀರಿದ ಬಡಾವಣೆಗೆ ಅದು ಬೇಕೇ ಬೇಕು. ಆತ ನಕ್ಕು ಚಹಾ ತರಿಸಿದ, ಸಂಖ್ಯೆ ಬರಲಿಲ್ಲ.

ಕೊನೆಗೆ ನಾರಾಯಣಖೇಡ ದಾಟಿ ಮನೆ ಸೇರಿದೆವು. ಹೊರಗೆ ಬಿಸಿಲು ಉರಿಯುತ್ತಿದ್ದರೂ ಜಂತಿಯ ಮೇಲಿನ ದಪ್ಪ ಮಣ್ಣಿನ ಮಾಳಿಗೆಯ ಕೆಳಗೆ ಪಡಸಾಲೆ ತಂಪಾಗಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲ ಬಿಲ್ಲೆ ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅಲ್ಲಿರುವವರು ನಮ್ಮ ದೊಡ್ಡಮ್ಮ ಒಬ್ಬರೇ. ಮಾರುವ ಮಾತು ಇಷ್ಟು ದಿನ ನಡೆದರೂ ಅವರನ್ನು ಯಾರೂ ಕೇಳಿರಲಿಲ್ಲವೆಂಬುದು ಆಗ ಹೊಳೆದು ನಾಚಿದೆವು. ಕೇಳಿದಾಗ ಅವರೆಂದರು: “ಮಾಳಿಗೆಗೆ ಮಣ್ಣು ಹಾಕಿಸ್ರಿ ಸಾಕು. ನಾ ಮತ್ತೆಲ್ಲಿ ಹೋಗ್ಲಿ?”

ಸೌರವಿದ್ಯುತ್ತಿನ ಲೆಕ್ಕವನ್ನೂ ಹಾಕಿದೆವು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿಗೆ 60,000 ರೂಪಾಯಿ, ಮೂರು ಮತ್ತು ಮೇಲ್ಪಟ್ಟುದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತಾಯಿತು. ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ದೊರೆಯುತ್ತದೆ. ಆದರೆ ಅದೇ ವರ್ಷ ತೆಲಂಗಾಣ ಸರಕಾರ ತಂದ ಗೃಹಜ್ಯೋತಿಯಿಂದ, ಬಿಳಿ ರೇಷನ್ ಕಾರ್ಡಿನ ದೊಡ್ಡಮ್ಮನಿಗೆ ತಿಂಗಳಿಗೆ 200 ಯೂನಿಟ್ಟಿನವರೆಗೆ ಬಿಲ್ಲೇ ಇಲ್ಲ. ಬಿಲ್ಲಿಲ್ಲದ ಮನೆಗೆ ಫಲಕದಿಂದ ಉಳಿತಾಯವೇನು? ಅಲ್ಲದೆ ಫಲಕದ ಬಾಳಿಕೆ ಇಪ್ಪತ್ತೈದು ವರ್ಷ. ಸೋರುವ ಮಾಳಿಗೆ ಅಷ್ಟು ದಿನ ಕಾಯದು. ನಡುವೆ ಬಿಚ್ಚಿ ಮತ್ತೆ ಕೂಡಿಸುವ ಖರ್ಚು ಲಾಭವನ್ನು ನುಂಗುತ್ತದೆ.

ಆದ್ದರಿಂದ ಮನೆ ಮಾರಲಿಲ್ಲ, ನಿವೇಶನ ಕೊಳ್ಳಲಿಲ್ಲ. ಹುಳು ತಿಂದ ಜಂತಿ ತೆಗೆಸಿ, ಪಡಸಾಲೆಗೆ ಮಣ್ಣನ್ನೇ ಹೊಸದಾಗಿ ಹಾಕಿಸಿದೆವು. ಹಿಂದಿನ ಎರಡು ಕೋಣೆಗಳಿಗೆ ಸ್ಲ್ಯಾಬು ಹೊಯ್ಸಿ, ಮುಂದೆಂದಾದರೂ ಮಕ್ಕಳು ಬಂದು ನೆಲೆಸಿದರೆ ಫಲಕ ಕೂಡಿಸಲೆಂದು ಬೋಲ್ಟುಗಳನ್ನೂ ತಂತಿಯ ಕೊಳವೆಯನ್ನೂ ಬಿಡಿಸಿದೆವು. ನೀರಿನ ತೊಟ್ಟಿಯನ್ನು ನೆರಳು ಬೀಳದಂತೆ ಉತ್ತರಕ್ಕೆ ಇಟ್ಟೆವು.

ನಗರದಲ್ಲಿ ದೊಡ್ಡ ಬಿಲ್ಲು ಕಟ್ಟುವ ಗಟ್ಟಿ ಸ್ಲ್ಯಾಬಿನ ಮನೆಯವರು ಫಲಕ ಹಾಕಿಸುವುದು ಜಾಣತನವೇ ಸರಿ. ಪ್ರತಿಯೊಂದು ಮನೆಗೂ ಅದರದೇ ಲೆಕ್ಕವುಂಟು. ಆ ಲೆಕ್ಕ ಹಾಕುವ ಮುನ್ನ ಒಳಗಿರುವವರನ್ನು ಒಂದು ಮಾತು ಕೇಳಿರೆಂದಷ್ಟೇ ಓದುಗ ಬಾಂಧವರಲ್ಲಿ ನಮ್ಮ ಬಿನ್ನಹ. ಮೊದಲ ಮಳೆ ಬಿದ್ದ ರಾತ್ರಿ ದೊಡ್ಡಮ್ಮ ಫೋನು ಮಾಡಿದ್ದರು. ಮಾಳಿಗೆ ಸೋರಲಿಲ್ಲವಂತೆ.