ಹೊರೆಯ ಲೆಕ್ಕ

ಬಡಿಗತನಕ್ಕೆ ಶಾಸ್ತ್ರವುಂಟು, ನೇಕಾರಿಕೆಗೆ ಶಾಸ್ತ್ರವುಂಟು, ಅಡಿಗೆಗೂ ಶಾಸ್ತ್ರವುಂಟೆಂದು ಲೋಕವು ಒಪ್ಪುತ್ತದೆ. ಹೊರುವ ಕೆಲಸಕ್ಕೆ ಮಾತ್ರ ಶಾಸ್ತ್ರವಿಲ್ಲವೆಂದೂ ಅದು ಬರಿಯ ಮೈಬಲದ ಮಾತೆಂದೂ ಜನ ಭಾವಿಸುವುದುಂಟು. ಓದು ತಲೆಗೆ ಹತ್ತದ ಹುಡುಗನಿಗೆ, "ಹೀಗೇ ಇದ್ದರೆ ಹಮಾಲಿ ಮಾಡಬೇಕಾದೀತು" ಎಂದು ಗದರಿಸುವ ಮಾತು ನಮ್ಮ ಶಾಲೆಗಳಲ್ಲಿ ಇಂದಿಗೂ ಕೇಳಬರುತ್ತದೆ. ಆ ತರಗತಿಯಲ್ಲಿಯೇ ಹಮಾಲರ ಮಕ್ಕಳು ನಾಲ್ಕಾರು ಮಂದಿ ತಲೆತಗ್ಗಿಸಿ ಕುಳಿತಿರುತ್ತಾರೆ. ಆದುದರಿಂದ ಈ ಕೆಲಸವೆಂತಹದು, ಅದು ಮೈಯಿಂದ ಏನನ್ನು ಕೇಳುತ್ತದೆ ಎಂಬುದನ್ನು ಕಲಿಸುವವರೂ ಕಲಿಯುವವರೂ ಕೊಂಚ ವಿಚಾರಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಸೊಲ್ಲಾಪುರದ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಚಳಿಗಾಲ ಬಂದಿತೆಂದರೆ ಇಲ್ಲಿಯ ಮಾರುಕಟ್ಟೆಯ ಪ್ರಾಂಗಣದಲ್ಲಿ ಉಳ್ಳಾಗಡ್ಡಿಯ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ತೊಗರಿ, ಜೋಳ, ಕಡಲೆಗಳ ಚೀಲಗಳು ಅಡತಿ ಅಂಗಡಿಗಳಿಂದ ಗೋದಾಮುಗಳಿಗೆ ಸಾಗುತ್ತವೆ. ಸಾಗುತ್ತವೆ ಎಂದು ಬರೆಯುವುದು ಸುಲಭ. ಸಾಗಿಸುವವು ಮನುಷ್ಯರ ಬೆನ್ನುಗಳು. ಆ ಬೆನ್ನುಗಳಲ್ಲಿ ಎಷ್ಟೋ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ ಕನ್ನಡ ಮನೆಗಳವು.

ಕೆಲಸದ ರೀತಿಯನ್ನು ನೋಡಿರಿ. ಹಮಾಲನು ಒಬ್ಬೊಂಟಿಯಾಗಿ ಚೀಲವನ್ನೆತ್ತುವುದಿಲ್ಲ. ಟೋಳಿಯ ಇಬ್ಬರು ಚೀಲದ ಎರಡು ತುದಿಗಳನ್ನು ಹಿಡಿದು, ಕೊಕ್ಕೆ ಹಾಕಿ ಮೇಲೆತ್ತುತ್ತಾರೆ. ಮೂರನೆಯವನು ಮೊಣಕಾಲನ್ನು ತುಸು ಮಡಿಸಿ, ಬೆನ್ನನ್ನೂ ತಲೆಯನ್ನೂ ಒಡ್ಡಿ ನಿಲ್ಲುತ್ತಾನೆ. ಚೀಲವು ಬೆನ್ನಿನ ಮೇಲುಭಾಗದಲ್ಲಿ ಕೂಡುತ್ತಲೇ ಅವನು ಗಿಡ್ಡ ಹೆಜ್ಜೆಗಳಲ್ಲಿ ಬೇಗಬೇಗನೆ ನಡೆಯುತ್ತಾನೆ. ಆ ಅವಸರಕ್ಕೆ ಕಾರಣವುಂಟು: ಹೊತ್ತು ನಿಂತಷ್ಟೂ ಹೊರೆ ಹೆಚ್ಚು. ಮೂವತ್ತು ವರ್ಷ ಚೀಲ ಹೊತ್ತ ಹಿರಿಯರೊಬ್ಬರು ನಮಗೊಮ್ಮೆ ಹೇಳಿದರು: "ಚೀಲಾ ಬೆನ್ನಿಲೆ ಹೊರೂದಲ್ರಿ ಮಾಸ್ತರ, ಕಾಲಿಲೆ ಹೊರೂದು. ಬೆನ್ನಿಲೆ ಎತ್ತಾಕ ಹೋದಾಂವ ಎರಡು ವರ್ಷಕ್ಕ ಕೂತುಬಿಡ್ತಾನ."

ಈ ಒಂದು ಮಾತಿನಲ್ಲಿ ಸನ್ನೆಗೋಲಿನ ಪಾಠವೆಲ್ಲವೂ ಅಡಗಿದೆ. ಸೊಂಟ ಬಾಗಿಸಿ ನೆಲದಿಂದ ಚೀಲವನ್ನೆತ್ತುವಾಗ, ಬೆನ್ನೆಲುಬಿನ ಕೆಳಭಾಗವೇ ಆನಿಕೆಯಾಗುತ್ತದೆ. ಚೀಲವು ಆ ಆನಿಕೆಯಿಂದ ಸುಮಾರು 40 ಸೆಂಟಿಮೀಟರು ಮುಂದಿರುತ್ತದೆ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳಾದರೋ ಸುಮಾರು 5 ಸೆಂಟಿಮೀಟರು ಹಿಂದಿವೆ. ಎಂಟನೆಯ ಒಂದು ಪಾಲು ದೂರದಲ್ಲಿರುವ ಸ್ನಾಯು ಎಂಟು ಪಟ್ಟು ಬಲವನ್ನು ಹಾಕಬೇಕಾಗುತ್ತದೆ. 50 ಕಿಲೋಗ್ರಾಮಿನ ಚೀಲಕ್ಕೆ 400 ಕಿಲೋಗ್ರಾಮಿನಷ್ಟು ಎಳೆತ! ಮೈಯ ಭಾರ ಇದರ ಮೇಲೆ ಬೇರೆ. ಎಲುಬುಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಗಳು ಈ ಒತ್ತಡವನ್ನೆಲ್ಲ ತಾಳಬೇಕು; ಅದರೊಡನೆ ಸೊಂಟವನ್ನು ತಿರುಚಿದರಂತೂ ಅವು ಹರಿಯುವ ಸಂಭವ ಹೆಚ್ಚು. ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಕೊಡುವ ಕ್ರಮವು ಈ ಎಂಟು ಪಟ್ಟನ್ನು ತಪ್ಪಿಸುವ ಉಪಾಯ. ಅಕ್ಷರ ಬಾರದವರು ಅನುಭವದಿಂದ ಕಂಡುಕೊಂಡ ಈ ಯಂತ್ರಶಾಸ್ತ್ರಕ್ಕೆ ಪಠ್ಯಪುಸ್ತಕದಲ್ಲಿ ಎಡೆ ದೊರೆತಿಲ್ಲ, ಅಷ್ಟೆ.

ಇನ್ನು ಅಂಕಗಣಿತ. 10 ಟನ್ನಿನ ಲಾರಿಯೊಂದರಲ್ಲಿ 50 ಕಿಲೋಗ್ರಾಮಿನ 200 ಚೀಲಗಳು. ಹೊರುವವರು ಎಂಟು ಮಂದಿಯಾದರೆ ತಲೆಗೆ 25 ಚೀಲ. ದಿನಕ್ಕೆ ಅಂತಹ ನಾಲ್ಕು ಲಾರಿಗಳು ಖಾಲಿಯಾದರೆ ಒಬ್ಬೊಬ್ಬನು ಹೊತ್ತದ್ದು 100 ಚೀಲ, ಅಂದರೆ 5 ಟನ್ನು. ಲಾರಿಯಿಂದ ಥಪ್ಪಿಯವರೆಗೆ ಮೂವತ್ತು ಹೆಜ್ಜೆಯೆಂದು ಹಿಡಿದರೆ ಮೂರು ಸಾವಿರ ಹೆಜ್ಜೆ ಭಾರದೊಡನೆ, ಮೂರು ಸಾವಿರ ಬರಿಗೈಯಲ್ಲಿ. ಥಪ್ಪಿ ಬೆಳೆದಂತೆ ನಡಿಗೆ ಏರಾಗುತ್ತದೆ. ಹಲಗೆಯ ಮೇಲೆ, ಇಲ್ಲವೆ ಚೀಲಗಳನ್ನೇ ಮೆಟ್ಟಿಲಾಗಿಸಿಕೊಂಡು ಹತ್ತಬೇಕು.

ಇಲ್ಲಿ ಒಬ್ಬ ಜಾಣ ಹುಡುಗನು ಕೇಳಬಹುದು: ಚೀಲವು 100 ಕಿಲೋಗ್ರಾಮಿನದಾದರೆ ಐವತ್ತೇ ಸರದಿಯಲ್ಲಿ ಕೆಲಸ ಮುಗಿಯುವುದಲ್ಲವೆ? ಮೊತ್ತವು ಅದೇ ಐದು ಟನ್ನು. ಕಾಗದದ ಮೇಲೆ ಈ ವಾದಕ್ಕೆ ಉತ್ತರವಿಲ್ಲ. ಆದರೆ ಮೈಯು ಮೊತ್ತವನ್ನು ಕೂಡಿಸುವುದಿಲ್ಲ, ಒಂದೊಂದು ಹೊರೆಯನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ನೂರು ಸಲ 50 ಕಿಲೋಗ್ರಾಮನ್ನು ಎಳೆದ ಬಾವಿಯ ಹಗ್ಗವು ಒಂದೇ ಸಲ 100 ಕಿಲೋಗ್ರಾಮನ್ನು ಎಳೆಯುವಾಗ ಹರಿಯಬಹುದು. ಬೆನ್ನಿನ ಬಿಲ್ಲೆಯ ಸ್ಥಿತಿಯೂ ಹಾಗೆಯೇ.

ಚೀಲದ ತೂಕವನ್ನು ಯಾವ ದೈವವೂ ಗೊತ್ತುಮಾಡಿಲ್ಲ. ಒಂದು ಕ್ವಿಂಟಲ್ ಎಂದರೆ 100 ಕಿಲೋಗ್ರಾಮು. ವ್ಯಾಪಾರದ ಲೆಕ್ಕಕ್ಕೆ ಅದು ಅನುಕೂಲವಾದುದರಿಂದ ಸಕ್ಕರೆಯ ಚೀಲವು ಬಹುಕಾಲ ಅಷ್ಟೇ ತೂಗುತ್ತಿತ್ತು. ಕಾಳುಕಡಿಗಳ ಗೋಣಿಗಳೂ ಹೆಚ್ಚುಕಡಿಮೆ ಅದರ ಸಮೀಪದಲ್ಲಿಯೇ ಇದ್ದವು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವಯಸ್ಕ ಪುರುಷನೊಬ್ಬನು ಹೊರುವ ಭಾರವು 55 ಕಿಲೋಗ್ರಾಮಿಗಿಂತ ಹೆಚ್ಚಿರುವಲ್ಲೆಲ್ಲ ಅದನ್ನು ಬೇಗನೆ ಆ ಮಟ್ಟಕ್ಕಿಳಿಸಬೇಕೆಂದು ಶಿಫಾರಸು ಮಾಡಿತು. ಹಮಾಲರ ಸಂಘಟನೆಗಳೂ ಚೀಲವನ್ನು ಹಗುರ ಮಾಡಿರೆಂದು ಪಟ್ಟುಹಿಡಿದವು. ಇಂದು ಸಕ್ಕರೆ, ಸಿಮೆಂಟು, ಪಡಿತರದ ಅಕ್ಕಿ ಇವೆಲ್ಲವೂ ಸಾಮಾನ್ಯವಾಗಿ 50 ಕಿಲೋಗ್ರಾಮಿನ ಚೀಲಗಳಲ್ಲಿ ಬರುತ್ತಿವೆ. ಮನುಷ್ಯರು ಗೊತ್ತುಮಾಡಿದ ಅಳತೆಯನ್ನು ಮನುಷ್ಯರೇ ಅರ್ಧಕ್ಕಿಳಿಸಿದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಭಾರವೊಂದೇ ಕಷ್ಟವಲ್ಲ. ತಗಡಿನ ಮಾಳಿಗೆಯ ಗೋದಾಮಿನೊಳಗೆ, ಹೊರಗೆ ಬಿಸಿಲು 40 ಡಿಗ್ರಿ ದಾಟಿದ ದಿನ, ಗಾಳಿಯೇ ಸುಡುತ್ತದೆ. ಒಣಮೆಣಸಿನಕಾಯಿಯ ಘಾಟು ಎದೆಗಿಳಿಯುತ್ತದೆ. ಸಿಮೆಂಟಿನ ಹುಡಿಯು ಬೆವರಿನೊಡನೆ ಬೆರೆತು ಸುಣ್ಣದಂತೆ ಚರ್ಮವನ್ನು ತಿನ್ನುತ್ತದೆ. ಹುಳು ಬೀಳದಂತೆ ಧಾನ್ಯದ ಥಪ್ಪಿಗಳ ನಡುವೆ ಅಲ್ಯೂಮಿನಿಯಂ ಫಾಸ್ಫೈಡಿನ ಗುಳಿಗೆಗಳನ್ನಿಟ್ಟು ಮುಚ್ಚುತ್ತಾರೆ. ಅದರಿಂದ ಹೊರಡುವ ಫಾಸ್ಫೀನ್ ವಾಯುವು ಹುಳುವಿಗೆ ಹೇಗೋ ಮನುಷ್ಯನಿಗೂ ಹಾಗೆಯೇ ವಿಷ. ಚೆನ್ನಾಗಿ ಗಾಳಿಯಾಡುವ ಮುನ್ನವೇ ಒಳಹೊಕ್ಕರೆ ಪ್ರಾಣಕ್ಕೆ ಅಪಾಯ. ಬಾಗಿಲ ಮೇಲಿನ ಎಚ್ಚರಿಕೆಯನ್ನು ಓದಬಲ್ಲವನು ಬದುಕುತ್ತಾನೆ. ಓದು ಏತಕ್ಕೆಂದು ಕೇಳುವ ಹುಡುಗನಿಗೆ ನಾವು ಕೊಡುವ ಉತ್ತರಗಳಲ್ಲಿ ಇದೂ ಒಂದು.

ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಕೆಲವು ವರ್ಷಗಳ ಹಿಂದೆ ಹಲಗೆಯಿಂದ ಜಾರಿ ಸೊಂಟ ಮುರಿದುಕೊಂಡರು. ಅವರು ದುಡಿಯುತ್ತಿದ್ದ ಗೋದಾಮಿನ ಯಾವ ವಹಿಯಲ್ಲಿಯೂ ಅವರ ಹೆಸರಿರಲಿಲ್ಲ. ಮುಕಾದಮನು ಬೇಕಾದ ದಿನ ಕರೆಯುತ್ತಿದ್ದನು, ಸಂಜೆಗೆ ಹಣ ಕೈಗೆ ಬರುತ್ತಿತ್ತು. ಅವರ ಇಪ್ಪತ್ತು ವರ್ಷಗಳ ದುಡಿಮೆಗೆ ಸಾಕ್ಷಿಯೆಂದರೆ ಹೆಗಲ ಮೇಲಿನ ಕಪ್ಪು ಗಂಟು ಮಾತ್ರ. ಆಸ್ಪತ್ರೆಯ ವೆಚ್ಚಕ್ಕೆ ಸಾಲವಾಯಿತು. ಹತ್ತನೆಯ ತರಗತಿಯಲ್ಲಿದ್ದ ಮಗನು ಪರೀಕ್ಷೆಯ ಮರುವಾರವೇ ತಂದೆಯ ಕೊಕ್ಕೆಯನ್ನು ಕೈಗೆತ್ತಿಕೊಂಡನು. ಗಣಿತದಲ್ಲಿ ಅವನದು ತರಗತಿಗೇ ಮೊದಲ ಅಂಕ.

ಇಂತಹ ಗತಿ ಬಾರದಿರಲೆಂದೇ ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಕಾಯ್ದೆ ಬಂದಿತು. ಮಾಥಾಡಿಯೆಂದರೆ ತಲೆಯ ಮೇಲೆ ಹೊರುವವನು. ಅಣ್ಣಾಸಾಹೇಬ ಪಾಟೀಲರು ಮುಂಬಯಿಯಲ್ಲಿ ಇವರನ್ನು ಒಗ್ಗೂಡಿಸಿದರು. ಬಾಬಾ ಆಢಾವರು ಪುಣೆಯಲ್ಲಿ ಹಮಾಲ ಪಂಚಾಯತಿಯನ್ನು ಕಟ್ಟಿದರು. ಹಮಾಲನಿಗೆ ಒಬ್ಬನೇ ಧಣಿಯಿಲ್ಲ. ಬೆಳಿಗ್ಗೆ ಒಬ್ಬನ ಅಂಗಡಿ, ಮಧ್ಯಾಹ್ನ ಇನ್ನೊಬ್ಬನದು. ಆದುದರಿಂದ ಕಾಯ್ದೆಯು ಮಂಡಳಿಗಳಿಗೆ ಆಸ್ಪದವಿತ್ತಿತು. ವ್ಯಾಪಾರಿಗಳೂ ಹಮಾಲರೂ ಅಲ್ಲಿ ನೋಂದಣಿಯಾಗಬೇಕು. ಕೂಲಿಯನ್ನೂ ಅದರ ಮೇಲೆ ಇಂತಿಷ್ಟು ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಭವಿಷ್ಯನಿಧಿ, ಗ್ರಾಚ್ಯುಟಿ, ರಜೆಯ ಸಂಬಳ ಮುಂತಾದವು ಆ ಲೆವಿಯಿಂದ ಬರಬೇಕು. ಏರ್ಪಾಡು ಉತ್ತಮವಾದುದೇ. ಆದರೆ ಅದು ವಹಿಯಲ್ಲಿ ಹೆಸರುಳ್ಳವನಿಗೆ ಮಾತ್ರ ಫಲಕೊಡುವ ಮರ.

ಈಗ ಬೇರೆ ಬಗೆಯ ಗೋದಾಮುಗಳೂ ತಲೆಯೆತ್ತಿವೆ. ಭಿವಂಡಿಯ ಸುತ್ತಮುತ್ತ ಮೈಲುಗಟ್ಟಲೆ ಹಬ್ಬಿರುವ ಉಗ್ರಾಣಗಳಿಗೆ ನಮ್ಮ ಕಡೆಯ ಹುಡುಗರೂ ಹೋಗುತ್ತಾರೆ. ಅಲ್ಲಿ ಕಟ್ಟುಗಳು ಹಗುರ, ಆದರೆ ದಿನವಿಡೀ ನಿಲ್ಲಬೇಕು, ನಡೆಯಬೇಕು. ಕೈಯಲ್ಲಿಯ ಯಂತ್ರವು ಒಂದೊಂದು ಕಟ್ಟನ್ನೂ ಎಣಿಸುತ್ತದೆ. ಹರಿಯಾಣದ ಮಾನೇಸರದ ಗೋದಾಮೊಂದರಲ್ಲಿ, ಗುರಿ ಮುಟ್ಟುವವರೆಗೆ ನೀರಿಗೂ ಶೌಚಕ್ಕೂ ಹೋಗುವುದಿಲ್ಲವೆಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರೆಂಬ ವರದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ವಿಚಾರಣೆಗೆತ್ತಿಕೊಂಡಿತು. ತೂಕ ಇಳಿದರೂ ಹೊರೆ ಇಳಿಯಲಿಲ್ಲ. ಅದು ಬೆನ್ನಿನಿಂದ ಗಡಿಯಾರಕ್ಕೆ ಸರಿಯಿತು.

ಮೋಳಿಗೆಯ ಮಾರಯ್ಯನ ಕಥೆಯನ್ನು ನಾವು ಭಕ್ತಿಯಿಂದ ಪಾಠ ಹೇಳುತ್ತೇವೆ. ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಸೌದೆಯ ಹೊರೆ ಹೊತ್ತು ಮಾರಿ ಬಾಳಿದನೆಂಬುದು ಆ ಶರಣನ ವಿಷಯದಲ್ಲಿ ಪರಂಪರೆಯ ಮಾತು. ಹೊರುವ ಕಾಯಕವನ್ನು ಇಷ್ಟು ಎತ್ತರದಲ್ಲಿಟ್ಟ ನುಡಿ ನಮ್ಮದು. ಆದರೆ ಕಾಯಕವನ್ನು ಕೊಂಡಾಡಿದರೆ ಸಾಲದು, ಕಾಯವನ್ನೂ ಕಾಯಬೇಕು. ಮಾರಯ್ಯನು ತನ್ನ ಹೊರೆಯನ್ನು ತಾನೇ ಕಟ್ಟಿಕೊಂಡನು. ಇಂದಿನ ಹಮಾಲನ ಹೊರೆಯನ್ನು ಕಟ್ಟುವವರು ಬೇರೆಯವರು.

ಕನ್ನಡ ಶಾಲೆಗಳ ಗುರುಬಂಧುಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಸನ್ನೆಗೋಲಿನ ಪಾಠ ಬಂದಾಗ ಹಮಾಲನ ಬೆನ್ನನ್ನು ಉದಾಹರಣೆಯಾಗಿ ಕೊಡಿರಿ. ಗುಣಾಕಾರದಲ್ಲಿ ಚೀಲಗಳನ್ನು ಎಣಿಸಲಿಕ್ಕೆ ಹಚ್ಚಿರಿ. ಮಂಡಳಿಯ ನೋಂದಣಿಯ ಅರ್ಜಿಯನ್ನು ತುಂಬುವ ಬಗೆಯನ್ನು ಮೇಲಿನ ತರಗತಿಯ ಮಕ್ಕಳಿಗೆ ಒಂದು ಗಂಟೆ ಕಲಿಸಿರಿ. ಅರ್ಜಿಯು ಮರಾಠಿಯಲ್ಲಿರುತ್ತದೆ, ಕನ್ನಡವನ್ನೇ ಬಲ್ಲ ತಂದೆಗೆ ಎರಡೂ ಭಾಷೆ ಬಲ್ಲ ಮಗನೇ ಅದನ್ನು ಓದಿ ಹೇಳಬೇಕು. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಹೊರುವವರಿದ್ದರೆ ಈ ಹೊತ್ತು ಸಂಜೆ ಎರಡು ಪ್ರಶ್ನೆ ಕೇಳಿರಿ: ಚೀಲ ಎಷ್ಟು ತೂಗುತ್ತದೆ? ವಹಿಯಲ್ಲಿ ಹೆಸರಿದೆಯೆ?