ಹೆಸರು ನಿಜ, ಪದಕ ಸುಳ್ಳು

ಹಳೆಯ ನಾಣ್ಯ, ಅಂಚೆಚೀಟಿ, ತಾಮ್ರದ ಪಾತ್ರೆಗಳನ್ನು ಕೂಡಿಡುವವರು ನಮ್ಮ ಮನೆತನಗಳಲ್ಲಿ ಅನೇಕರಿದ್ದಾರೆ. ನಮಗೆ ಅಂಟಿಕೊಂಡದ್ದು ಯುದ್ಧಕಾಲದ ಪದಕ, ಬಿಲ್ಲೆಗಳ ಹವ್ಯಾಸ. ಇದಕ್ಕೆ ಕಾರಣರಾದವರು ನಮ್ಮ ದೊಡ್ಡಪ್ಪನವರು. ಎರಡನೆಯ ಮಹಾಯುದ್ಧದಲ್ಲಿ ಅವರು ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರಿನಲ್ಲಿ ಲಾರಿ ಚಾಲಕರಾಗಿದ್ದರು. 1944ರ ಕೊಹಿಮಾ ಕಾಳಗದ ದಿನಗಳಲ್ಲಿ ದಿಮಾಪುರದಿಂದ ಬೆಟ್ಟದ ದಾರಿ ಹಿಡಿದು ಸೈನ್ಯಕ್ಕೆ ಅಕ್ಕಿ, ಮದ್ದುಗುಂಡು ಸಾಗಿಸಿದವರಲ್ಲಿ ಅವರೂ ಒಬ್ಬರು. ಅವರಿಗೆ ಬಂದದ್ದು ಆರು ಮೊನೆಗಳ ಬರ್ಮಾ ಸ್ಟಾರ್ ಪದಕ.

ದೊಡ್ಡಪ್ಪನವರು 1971ರಲ್ಲಿ ಲಿಂಗೈಕ್ಯರಾದರು. ಅದಕ್ಕೂ ಮೊದಲಿನಿಂದಲೇ ದೊಡ್ಡವ್ವನವರು ಪ್ರತಿ ದೀಪಾವಳಿಗೆ ಆ ಪದಕವನ್ನು ಹುಣಸೆಹಣ್ಣಿನಿಂದ ತಿಕ್ಕಿ, ಒಣ ವಿಭೂತಿಯಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. 1984ರಲ್ಲಿ ಮನೆ ಬಿಚ್ಚಿ ಕಟ್ಟಿಸುವಾಗ ಅದು ಕಾಣೆಯಾಯಿತು. ಅವರು ಯಾರನ್ನೂ ದೂರಲಿಲ್ಲ. ಆದರೆ ಆ ವರ್ಷದ ಹಬ್ಬದಲ್ಲಿ ಅವರ ಬರಿಗೈಯನ್ನು ಕಂಡ ನೆನಪು ನಮ್ಮನ್ನು ಬಿಡಲಿಲ್ಲ.

ನೌಕರಿಯ ನಿಮಿತ್ತ ನಾವು ಬೆಂಗಳೂರಿಗೆ ಬಂದಮೇಲೆ ಭಾನುವಾರದ ಹಳೆಯ ಸಾಮಾನಿನ ಬಜಾರಿಗೆ ಹೋಗುವುದು ರೂಢಿಯಾಯಿತು. 1996ರಲ್ಲಿ ಒಬ್ಬ ವ್ಯಾಪಾರಿಯೊಡನೆ ಮಾತಾಡುತ್ತ ದೊಡ್ಡಪ್ಪನವರ ಹೆಸರು, ಅವರಿದ್ದ ದಳ, ಕಳೆದುಹೋದ ಪದಕ, ಎಲ್ಲವನ್ನೂ ಹೇಳಿಬಿಟ್ಟೆವು. ಮೂರು ವಾರಗಳ ನಂತರ ಆತ ಹಳೆಯ ಬಟ್ಟೆಯ ಗಂಟಿನಿಂದ ಒಂದು ಬರ್ಮಾ ಸ್ಟಾರ್ ತೆಗೆದುಕೊಟ್ಟ. ಅದರ ಬೆನ್ನ ಮೇಲೆ ದೊಡ್ಡಪ್ಪನವರ ಹೆಸರೇ ಇತ್ತು. ನಮ್ಮ ಕಣ್ಣು ಮಂಜಾದವು. ಕೇಳಿದ ಆರು ನೂರು ರೂಪಾಯಿಯನ್ನು ಚೌಕಾಶಿ ಮಾಡದೆ ಎಣಿಸಿಕೊಟ್ಟೆವು. ಅದೇ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗಿ ದೊಡ್ಡವ್ವನವರ ಕೈಗಿತ್ತೆವು. ಅವರು ಅದನ್ನು ಬಹಳ ಹೊತ್ತು ಹಿಡಿದುಕೊಂಡು, ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟರು.

ಮರುವರ್ಷ ಪದಕಗಳನ್ನು ಬಲ್ಲ ನಿವೃತ್ತ ಸುಬೇದಾರರೊಬ್ಬರ ಪರಿಚಯವಾಯಿತು. ಹೆಮ್ಮೆಯಿಂದ ಪದಕವನ್ನು ಒಯ್ದು ತೋರಿಸಿದೆವು. ಅವರು ಭೂತಗನ್ನಡಿ ಹಿಡಿದು ನೋಡಿ, ತಮ್ಮ ಸ್ವಂತ ಬರ್ಮಾ ಸ್ಟಾರನ್ನು ಅದರ ಪಕ್ಕದಲ್ಲಿಟ್ಟರು. ಮಾತಿನ ಅಗತ್ಯವೇ ಬೀಳಲಿಲ್ಲ.

ಅಸಲು ಪದಕವನ್ನು ತಾಮ್ರ ಮತ್ತು ಸತುವಿನ ಮಿಶ್ರಲೋಹದ ಮೇಲೆ ಉಕ್ಕಿನ ಅಚ್ಚು ಒತ್ತಿ ಮಾಡಿರುತ್ತಾರೆ. ನಡುವಿನ ಕಿರೀಟ, ದೊರೆಯ ಹೆಸರಿನ ಅಕ್ಷರಗಳು, ಸುತ್ತಲಿನ ಬರಹ ಎಲ್ಲವೂ ಚೂಪಾಗಿ ಎದ್ದಿರುತ್ತವೆ. ನಮ್ಮದು ಅಸಲನ್ನು ಮಾದರಿಯಾಗಿಟ್ಟು ಎರಕ ಹೊಯ್ದದ್ದು. ಎರಕದ ಲೋಹ ಆರುವಾಗ ಕುಗ್ಗುವುದರಿಂದ ಅದು ಕೂದಲೆಳೆಯಷ್ಟು ಚಿಕ್ಕದಾಗಿತ್ತು. ಮೈತುಂಬ ಸೂಜಿಮೊನೆಯಂಥ ಗುಳಿಗಳಿದ್ದವು. ಕಿರೀಟ ಕರಗಿದ ಬೆಲ್ಲದಂತೆ ಮೆತ್ತಗಾಗಿತ್ತು. ಅಂಚಿನಲ್ಲಿ ಅರ ಹಾಕಿದ ಗುರುತುಗಳಿದ್ದವು.

ಇನ್ನು ಹೆಸರಿನ ಮಾತು. ಆ ಯುದ್ಧದ ನಕ್ಷತ್ರ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆಯೇ ಕೊಟ್ಟರು. ಭಾರತೀಯ ಸೈನಿಕರ ಪದಕಗಳ ಮೇಲೆ ಸಂಖ್ಯೆ, ಹುದ್ದೆ, ಹೆಸರು, ದಳಗಳನ್ನು ಅಕ್ಷರಮೊಳೆಗಳಿಂದ ಒತ್ತುತ್ತಿದ್ದರು. ಒತ್ತಿದ ಅಕ್ಷರದ ಆಳ ಒಂದೇ ಸಮನಾಗಿರುತ್ತದೆ. ನಮ್ಮ ಪದಕದ ಹೆಸರನ್ನು ಮದುವೆಯ ಪಾತ್ರೆಗಳ ಮೇಲೆ ಹೆಸರು ಹಾಕುವಂತೆ ಸೂಜಿಯಿಂದ ಕೊರೆಯಲಾಗಿತ್ತು. ಸಂಖ್ಯೆಯನ್ನು ನಾವು ಆ ವ್ಯಾಪಾರಿಗೆ ಹೇಳಿರಲಿಲ್ಲ. ಆದ್ದರಿಂದ ಆತ ತನಗೆ ತೋಚಿದ್ದನ್ನು ಹಾಕಿಸಿದ್ದ. ಊರಿನ ಪೆಟ್ಟಿಗೆಯಲ್ಲಿ ದೊಡ್ಡಪ್ಪನವರ ಸೇನಾ ಬಿಡುಗಡೆ ಪತ್ರವಿತ್ತು. ಅದನ್ನೊಮ್ಮೆ ಬಿಚ್ಚಿ ನೋಡಿದ್ದರೆ ಮೊದಲ ದಿನವೇ ಗುಟ್ಟು ರಟ್ಟಾಗುತ್ತಿತ್ತು.

ಸುಬೇದಾರರು ಅಂದು ಕಲಿಸಿದ್ದು, ಮುಂದೆ ನಾವಾಗಿ ಕಂಡುಕೊಂಡದ್ದು ಇಷ್ಟು. ಲೋಹಕ್ಕಿಂತ ಮೊದಲು ಕಾಗದ ನೋಡಬೇಕು. ಅನುಮಾನದ ವಸ್ತುವನ್ನು ಖಚಿತವಾದ ಅಸಲಿನ ಪಕ್ಕದಲ್ಲಿಟ್ಟೇ ತೂಗಬೇಕು, ಅಳೆಯಬೇಕು. ನಕ್ಷತ್ರ ಪದಕಕ್ಕೆ ಅಯಸ್ಕಾಂತ ಅಂಟಿದರೆ ಅದು ಮುಲಾಮು ಹಾಕಿದ ಕಬ್ಬಿಣ. ಬಟ್ಟೆಯ ಬಿಲ್ಲೆ, ಪಟ್ಟಿಗಳನ್ನು ಕತ್ತಲಲ್ಲಿ ಅತಿನೇರಳೆ ದೀಪದ ಕೆಳಗೆ ಹಿಡಿದರೆ ಯುದ್ಧಾನಂತರದ ಅನೇಕ ದಾರಗಳು ನೀಲಿಬಿಳುಪಾಗಿ ಹೊಳೆಯುತ್ತವೆ. ಆದರೆ ಇಂದಿನ ಸಾಬೂನು ಪುಡಿಯಲ್ಲಿ ಒಗೆದರೆ ಅಸಲು ಬಟ್ಟೆಯೂ ಹಾಗೆಯೇ ಹೊಳೆಯುವುದರಿಂದ ಅದೊಂದನ್ನೇ ನಂಬಲಾಗದು. ವಿರಳವಾದ ಪದಕ ಅಗ್ಗವಾಗಿ ಸಿಕ್ಕರೆ ಇಮ್ಮಡಿ ಎಚ್ಚರ ಬೇಕು. ಯುರೋಪಿನ ಮೇಲೆ ಹಾರಿದ ವೈಮಾನಿಕರಿಗೆ ಕೊಟ್ಟ ಏರ್ ಕ್ರೂ ಯುರೋಪ್ ಸ್ಟಾರ್ ವಿರಳ. ಆದ್ದರಿಂದಲೇ ಅದರ ನಕಲುಗಳು ಹೇರಳ.

ಅನುಮಾನವೂ ಅತಿಯಾಗಬಾರದು. ಲೋಹದ ಉಳಿತಾಯಕ್ಕಾಗಿ ಬ್ರಿಟನ್ನಿನಲ್ಲಿ ಯುದ್ಧದ ನಡುವೆ ಟೋಪಿಯ ಬಿಲ್ಲೆಗಳನ್ನು ಪ್ಲಾಸ್ಟಿಕ್ಕಿನಿಂದ ಮಾಡಿದರು. ಆಟಿಕೆಯಂತೆ ಕಾಣುವ ಅಂಥದೊಂದನ್ನು ನಾವು ನಕಲೆಂದು ಬಿಟ್ಟುಬಂದು ಆಮೇಲೆ ಪರಿತಪಿಸಿದ್ದೇವೆ. ಜರ್ಮನಿಯ ಕಬ್ಬಿಣದ ಶಿಲುಬೆಯ ಮೇಲೆ 1939 ಎಂದಿದ್ದು, ಸ್ವಸ್ತಿಕವಿಲ್ಲದೆ ಓಕ್ ಎಲೆಗಳಿದ್ದರೆ ಅದು ಪಶ್ಚಿಮ ಜರ್ಮನಿಯ 1957ರ ಕಾನೂನಿನಂತೆ ಮಾಡಿದ ರೂಪ. ಅದು ವಂಚನೆಯಲ್ಲ, ಯುದ್ಧಕಾಲದ್ದೂ ಅಲ್ಲ. ಅದನ್ನು ಯುದ್ಧಕಾಲದ್ದೆಂದು ಮಾರಿದರೆ ಮಾತ್ರ ವಂಚನೆ.

ಇಷ್ಟೆಲ್ಲ ತಿಳಿದಮೇಲೆ ನಮಗೆ ಉಳಿದ ಸಂಕಟ ಒಂದೇ: ದೊಡ್ಡವ್ವನವರಿಗೆ ಹೇಳಬೇಕೋ ಬೇಡವೋ? ಇಳಿವಯಸ್ಸಿನವರ ಸಮಾಧಾನವನ್ನು ಕದಡುವುದೇಕೆ ಎಂದು ಮನೆಯಲ್ಲಿ ಕೆಲವರು ತಡೆದರು. ಆದರೆ ಸುಳ್ಳನ್ನು ಅವರು ಕಣ್ಣಿಗೊತ್ತಿಕೊಳ್ಳುವುದನ್ನು ನೋಡುತ್ತ ಕೂಡುವುದು ನಮ್ಮಿಂದಾಗಲಿಲ್ಲ. ಆ ದೀಪಾವಳಿಗೆ ಊರಿಗೆ ಹೋದಾಗ ತೊದಲುತ್ತ ಹೇಳಿದೆವು. ಅವರು ನಕ್ಕರು.

“ಅದು ಅವರದಲ್ಲಂತ ಅವತ್ತ ಗೊತ್ತಾತೋ ತಮ್ಮಾ. ಎಷ್ಟು ವರ್ಷ ತಿಕ್ಕೀನಿ ನಾ ಅದನ್ನ. ಅದರ ಒಂದು ಮೂಲಿ ಸವದು ನುಣ್ಣಗಾಗಿತ್ತು. ಇದು ಬೆರಳಿಗೆ ಚುಚ್ಚತೈತಿ. ನೀ ರಾತ್ರಿಯೆಲ್ಲಾ ನಿದ್ದಿಗೆಟ್ಟು ತಂದಿದ್ದಿ, ಹ್ಯಾಂಗ ಹೇಳ್ಲಿ?”

ನಾವು ತಲೆ ತಗ್ಗಿಸಿದೆವು. ಭೂತಗನ್ನಡಿಯಿಲ್ಲದೆ, ಅಕ್ಷರ ಬಾರದೆ, ಬರಿಯ ಬೆರಳಿನಿಂದ ಅವರು ಮೊದಲ ದಿನವೇ ಅಸಲು ನಕಲನ್ನು ತಿಳಿದಿದ್ದರು. ನಾವು ಬೇಗ ನಂಬಿದ್ದು ಪದಕವನ್ನಲ್ಲ, ನಮ್ಮ ಆಸೆಯನ್ನು. ಆ ಆಸೆಯನ್ನು ವ್ಯಾಪಾರಿಗೆ ಮೊದಲೇ ಬಿಚ್ಚಿ ಹೇಳಿದವರೂ ನಾವೇ. ಅಂದಿನಿಂದ ಕೊಳ್ಳಲು ಹೋದಾಗ ಏನನ್ನು ಹುಡುಕುತ್ತಿದ್ದೇವೆಂದು ನಾವು ಬಾಯಿ ಬಿಡುವುದಿಲ್ಲ.

ದೊಡ್ಡವ್ವನವರು ಬಿಡುಗಡೆ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ನಮ್ಮ ಕೈಗಿತ್ತರು. 2003ರಲ್ಲಿ ಅವರೂ ಲಿಂಗೈಕ್ಯರಾದರು. ಮಡಿಕೆಗಳಲ್ಲಿ ಹರಿದಿರುವ ಆ ಕಾಗದವೇ ಇಂದು ನಮ್ಮ ಸಂಗ್ರಹದ ಮೊದಲ ವಸ್ತು. ಸುಳ್ಳು ಪದಕವೂ ನಮ್ಮಲ್ಲೇ ಇದೆ. ಇನ್ನೊಂದು ಮನೆಯವರು ಅದರಿಂದ ಮೋಸಹೋಗಬಾರದೆಂದು ಅದರ ಬೆನ್ನ ಮೇಲೆ, ಕೊರೆದ ಹೆಸರಿನ ಕೆಳಗೆ, ‘ನಕಲು’ ಎಂದು ನಾವೇ ಆಳವಾಗಿ ಕೊರೆಸಿದ್ದೇವೆ.